ವಯಸ್ಸಾದವರ ಸೀರೆ

"ವಯಸ್ಸಾದವರಿಗೆ ಬಣ್ಣವೇತಕ್ಕೆ?" ಎನ್ನುವವರು ಮನೆಮನೆಯಲ್ಲಿಯೂ ಇರುವರು. ನಾನೂ ಅವರಲ್ಲೊಬ್ಬನಾಗಿದ್ದೆನೆಂಬುದನ್ನು ವಾಚಕರೆದುರು ಒಪ್ಪಿಕೊಳ್ಳಬೇಕಾಗಿದೆ. ಭಾವನವರು ತೀರಿಕೊಂಡ ಬಳಿಕ ನಮ್ಮ ಅಕ್ಕನವರು ತಮ್ಮ ಇಳಕಲ್ಲ ಸೀರೆಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟರು. ಸಂಸ್ಕೃತವನ್ನೋದಿದವನೆಂದು ಆಗ ಎಲ್ಲರೂ ನನ್ನ ಮುಖವನ್ನು ನೋಡಿದರು. ನಾನು ಬಾಯಿ ಬಿಡಲಿಲ್ಲ.

ಈಚೆಗೆ ಅವರ ಮೊಮ್ಮಗಳ ಲಗ್ನವಾಯಿತು. ಹಗುರವೆಂದು ಮಕ್ಕಳು ಅವರಿಗೆ ಬೂದುಬಣ್ಣದ ಕೃತಕ ನೂಲಿನ ಸೀರೆಯೊಂದನ್ನು ತಂದರು. ಅದು ಸೊಂಟದಲ್ಲಿ ನಿಲ್ಲದೆ ಜಾರಿತು. ನಿರಿಗೆ ಕಾಲಿಗೆ ತೊಡರಿತು. ಅಕ್ಕನವರು ಹೊಸ್ತಿಲಲ್ಲಿ ಮುಗ್ಗರಿಸಿದರು. 70 ದಾಟಿದ ಎಲುಬಿಗೆ ಇದು ಸಣ್ಣ ಮಾತಲ್ಲ.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರ ಜಾಣ್ಮೆಯನ್ನು ನೋಡಿರಿ. ಹಳೆಯ ಪದ್ಧತಿಯಲ್ಲಿ ಸೀರೆಯ ಮೈಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಎರಡನ್ನೂ ಕೊಂಡಿ ಹಾಕಿ ಎಳೆಯೆಳೆಯಾಗಿ ಕೂಡಿಸುವರು. ಹತ್ತಿಯು ಸೊಂಟವನ್ನು ಹಿಡಿದು ನಿಲ್ಲುವುದು, ಬೆವರನ್ನು ಹೀರುವುದು. ಶೋಭೆಯೆಲ್ಲವೂ ಕೆಂಪು ಸೆರಗಿನ ತೋಪು ತೆನೆಯಲ್ಲಿದ್ದು, ಹೆಗಲ ಮೇಲೆ ಬಂದು ನೆರೆಗೂದಲಿಗೆ ಒಪ್ಪುವುದು. (ಕೃತಕ ರೇಷ್ಮೆಯ ಸೆರಗೂ ಪೇಟೆಯಲ್ಲಿ ಬರುತ್ತದೆ, ಕೇಳಿ ಕೊಳ್ಳಿರಿ.) ಉಡುವಾಗ ಅಂಚು ನೆಲವನ್ನು ಮುಟ್ಟದೆ ಎರಡು ಬೆರಳು ಮೇಲಿರಲಿ.

ಲಗ್ನ ಮುಗಿದ ಮೇಲೆ, ಪೆಟ್ಟಿಗೆಯನ್ನು ತೆರೆಯಿರೆಂದು ಅಕ್ಕನವರನ್ನು ನಾನೇ ಕೇಳಿಕೊಂಡೆನು. "ಆವಾಗ ಒಂದು ಮಾತು ಅಂದಿದ್ರ ಉಡ್ತಿದ್ದೆ ತಮ್ಮಾ," ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಹಿತ್ತಿಲ ನೆರಳಿನಲ್ಲಿ ಆ ಸೀರೆಗಳನ್ನು ಗಾಳಿಗೆ ಹರವಿದ್ದರು.