ಇನ್ನೂ ಓದತಾಳೇನು?

ಈ ವರ್ಷ ಸಂಕ್ರಮಣಕ್ಕ ಕುಸುರೆಳ್ಳು ಕೊಡಲಿಕ್ಕೆ ಹೋದ ಮನ್ಯಾಗೆಲ್ಲಾ ನಂಗ ಒಂದ ಪ್ರಶ್ನಿ. "ನಿಮ್ಮ ಅಕ್ಕನ ಮಗಳು ಇನ್ನೂ ಓದತಾಳೇನ್ರಿ?" ಕೇಳಿದವರದು ಪೂರಾ ತಪ್ಪಲ್ಲ ಬಿಡ್ರಿ. 31 ವರ್ಷದಾಕಿ, ಅಮೇರಿಕಾದಾಗ ಇದ್ದಾಳ, ಡಾಕ್ಟರ್ ಅಲ್ಲ, ಇಂಜಿನಿಯರ್ ಅಲ್ಲ, ಕವಿತಾ ಬರೀತಾಳ ಅಂದ್ರ ಯಾರಿಗೂ ತಿಳಿಯಂಗಿಲ್ಲ. ಎರಡು ವರ್ಷದ ಹಿಂದ ಫೋನಿನ್ಯಾಗ ನಾನೂ ಇದನ್ನ ಕೇಳಿದ್ದೆ. "ಮೌಶಿ, ಓದೂದೂ ಅದ, ಕಲಸೂದೂ ಅದ" ಅಂದಳು. ನಾ ಹೂಂ ಅಂದು ಬ್ಯಾರೆ ಮಾತು ತಗದೆ. ಆಮ್ಯಾಲೆ ಆಕಿ ತನ್ನ ಕೆಲಸದ ಸುದ್ದಿ ನನ್ನ ಮುಂದ ತಗೀಲೇ ಇಲ್ಲ. ನಾ ಅದನ್ನ ಲಕ್ಷಕ್ಕ ತಗೊಂಡಿದ್ದೂ ಇಲ್ಲ.

ಈ ಡಿಸೆಂಬರಿನ್ಯಾಗ ಅಕ್ಕನ ಮನ್ಯಾಗ ಬಣ್ಣ ಹಚ್ಚೋದು ನಡದಿತ್ತಂತ ಎಂಟು ದಿನ ನಮ್ಮಲ್ಲೇ ಇದ್ದಳು. ಅಲ್ಲಿ ಸೆಮಿಸ್ಟರ್ ಮುಗದಿತ್ತು, ಮಾರ್ಕ್ಸ್ ಕೊಡೋದು ಬಾಕಿ ಇತ್ತು. ಆವಾಗ ಆಕಿ ಏನು ಮಾಡತಾಳ ಅನ್ನೋದನ್ನ ಕಣ್ಣಾರೆ ನೋಡಿದೆ.

ಅಲ್ಲಿಯ ಪದ್ಧತಿ ಹಿಂಗದ. ಬಹಳಷ್ಟು ಯುನಿವರ್ಸಿಟಿಗಳೊಳಗ ಮೊದಲನೇ ವರ್ಷದ ಹುಡುಗರು ನರ್ಸಿಂಗ್ ಇರಲಿ, ಇಂಜಿನಿಯರಿಂಗ್ ಇರಲಿ, ಬರವಣಿಗಿದು ಒಂದು ಕ್ಲಾಸ್ ಮಾಡಲೇಬೇಕು. ಕಾಂಪೊಸಿಷನ್ ಅಂತಾರ. ನಮ್ಮ ಸಾಲಿಯೊಳಗಿನ ನಿಬಂಧ ಇದ್ದಂಗ, ಆದ್ರ 'ಆಕಳು', 'ನನ್ನ ಮೆಚ್ಚಿನ ಹಬ್ಬ' ಅಂಥಾವಲ್ಲ. ಒಂದು ವಿಷಯದ ಮ್ಯಾಲೆ ನೀ ಏನಂತಿ, ಅದಕ್ಕ ಆಧಾರ ಏನು, ಒಪ್ಪದವರು ಏನಂತಾರ, ಅದಕ್ಕ ನಿನ್ನ ಉತ್ತರ ಏನು, ಇಷ್ಟೂ ಬರೀಬೇಕು. ಇದನ್ನ ಕಲಸೋರು ಭಾಳ ಕಡೆ ದೊಡ್ಡ ಪ್ರೊಫೆಸರ್ ಅಲ್ಲ, ನಮ್ಮ ಹುಡುಗಿಯಂಥಾ ಪಿಎಚ್‌ಡಿ ಓದೋರೇ. ಕಲಸಿದ್ದಕ್ಕ ಅವರ ಫೀ ಮಾಫಿ, ಮ್ಯಾಲೆ ಖರ್ಚಿಗೆ ತಿಂಗಳಾ ಒಂದಿಷ್ಟು ರೊಕ್ಕ. ಅಕ್ಕ ಇಲ್ಲಿಂದ ಒಂದು ರೂಪಾಯಿ ಕಳಿಸಿಲ್ಲ. ಇದು ನಮ್ಮ ಬಳಗದಾಗ ಎಷ್ಟು ಮಂದಿಗೆ ಗೊತ್ತದ?

ಮುಂಜಾನೆ ಹಾಲು ಕಾಸಲಿಕ್ಕೆ ನಾ ಎದ್ರ ಆಕಿ ಆಗಲೇ ಊಟದ ಟೇಬಲ್ ಮ್ಯಾಲೆ ಲ್ಯಾಪ್‌ಟಾಪ್ ತಕ್ಕೊಂಡು ಕೂತಿರತಿದ್ದಳು. ಎರಡು ಕ್ಲಾಸ್, ಒಂದೊಂದರಾಗ 24 ಹುಡುಗರು. ಒಂದು ನಿಬಂಧಕ್ಕ ಏನಿಲ್ಲಂದ್ರೂ 20 ನಿಮಿಷ. ನಾ ಹಾಲಿನ ಲೆಕ್ಕದ ವಹಿ ಹಿಂದ ಗುಣಿಸಿ ನೋಡಿದೆ, 960 ನಿಮಿಷ ಆತು, ಅಂದ್ರ 16 ತಾಸು. ಒಂದು ಸಲದ್ದು ಇದು. ಸೆಮಿಸ್ಟರಿಗೆ ಇಂಥಾವು ನಾಕು, ಮ್ಯಾಲೆ ಕಚ್ಚಾ ಪ್ರತಿ ಓದೋದು ಬ್ಯಾರೆ, ಕ್ಲಾಸ್ ತಯಾರಿ ಬ್ಯಾರೆ. ವಿದ್ಯಾರ್ಥಿ ವೀಸಾದ ಮ್ಯಾಲೆ ಇದ್ದವರು ಕಾಲೇಜು ನಡದಾಗ ವಾರಕ್ಕ 20 ತಾಸಿನಕಿಂತ ಹೆಚ್ಚಿಗಿ ಕೆಲಸ ಮಾಡೋಹಂಗಿಲ್ಲ ಅಂತ ಅಲ್ಲಿ ಕಾಯ್ದೆ ಅದ. ನಿಬಂಧಗೋಳಿಗೆ ಆ ಕಾಯ್ದೆ ಗೊತ್ತಿದ್ದಂಗ ಕಾಣಲಿಲ್ಲ.

ಒಬ್ಬ ಹುಡುಗ ತನ್ನ ಅಜ್ಜನ ಹೊಲ ಮಾರಿದ್ದರ ಮ್ಯಾಲೆ ಬರದಿದ್ದ. ಆಕಿ ನಂಗ ಕನ್ನಡದಾಗ ಹೇಳಿದಳು. ಮೊದಲ ಎರಡು ಪುಟ ಬರೇ ದೊಡ್ಡ ದೊಡ್ಡ ಮಾತು, ಖರೇ ಸಂಗತಿ ಕಡೀ ಪುಟದಾಗ. 'ಇದನ್ನ ಮೊದಲಿಗೆ ತಾ' ಅಂತ ಹೇಳಲಿಕ್ಕೆ ಆಕಿ ಅರ್ಧಾ ತಾಸು ಬರದಳು, ಅಳಿಸಿದಳು, ಮತ್ತ ಬರದಳು. ಬೈದಂಗೂ ಆಗಬಾರದಂತ, ಸುಳ್ಳೇ ಹೊಗಳಿದಂಗೂ ಆಗಬಾರದಂತ. ಇನ್ನೊಂದು ನಿಬಂಧ ಕಂಪ್ಯೂಟರ್ ಕಡೆಯಿಂದನ ಬರಸಿದ್ದು ಅಂತ ಸಂಶಯ ಬಂದು, ಅದರಾಗ ಒಂದು ಮುಂಜಾನೆ ಪೂರಾ ಹೋತು.

ಆಕಿ ಸ್ವಂತ ಓದಿನ ಕ್ಲಾಸಿನ್ಯಾಗ 10-12 ಮಂದಿ ಸುತ್ತ ಕೂತು ಒಬ್ಬರ ಕವಿತಾ ಮುಂದಿಟಗೊಂಡು ಇದು ಸರಿ ಇಲ್ಲ, ಅದು ಛಲೋ ಅದ ಅಂತ ಮಾತಾಡತಾರಂತ. ಬರದಾಕಿ ಮಾತ್ರ ಬಾಯಿ ಮುಚಗೊಂಡು ಕೇಳಬೇಕಂತ. "ಕನ್ಯಾ ನೋಡಲಿಕ್ಕೆ ಬಂದಂಗ ಆತಲ್ಲವಾ" ಅಂದೆ. ನಕ್ಕು ನಕ್ಕು ಚಹಾ ಚೆಲ್ಲಿದಳು.

ಆದ್ರ "ನಿನ್ನ ಕವಿತಾ ಯಾವಾಗ ಬರೀತಿ?" ಅಂದಾಗ ನಗಲಿಲ್ಲ. "ಈ ಸೆಮಿಸ್ಟರಿನ್ಯಾಗ ಮೂರಾದವು ಮೌಶಿ. ಅದರಾಗ ಒಂದು ಛಲೋ ಅದ" ಅಂದಳು.

48 ಮಂದಿ ಬರದದ್ದನ್ನ ತಿದ್ದಿ, ಉಳದ ವ್ಯಾಳ್ಯಾದಾಗ ಮೂರು. ನಂಗ ಇದು ತಿಳೀತು, ನಿಮಗೂ ತಿಳೀತದ. ನಂಗ ಬರೀಲಿಕ್ಕೆ ಸಿಗೋದು ಮಧ್ಯಾಹ್ನ 2ರಿಂದ 3:30, ಅದೂ ಸಿಲಿಂಡರಿನವ ಬರದಿದ್ರ. ಅಂಥಾದ್ರಾಗ ನಾವ ಆಕಿಗೆ 'ಇನ್ನೂ ಓದತೀಯೇನು' ಅಂದ್ರ ಹೆಂಗ?

ಈಗ ಅಸಲ್ ಮಾತಿಗೆ ಬರತೀನಿ. ಅಕ್ಕ ನಂಗ ಒಂದು ಕೆಲಸ ಹೇಳ್ಯಾಳ. "ನಿನ್ನ ಮಾತು ಕೇಳತಾಳ, ಬಿಟ್ಟು ಬಾ ಅನ್ನು. ಒಂದು ಕಂಪ್ಯೂಟರ್ ಕೋರ್ಸ್ ಮಾಡಲಿ. ಪುಣೆದಿಂದ ಒಂದು ಸಂಬಂಧನೂ ಬಂದದ." ಅಕ್ಕನ ಹೆದರಿಕಿ ಸುಳ್ಳಲ್ಲ. ಈ ಓದು ಮುಗಿಸಿದವರಿಗೆ ಅಲ್ಲಿ ಪರ್ಮನೆಂಟ್ ನೌಕರಿ ಸಿಗೋದು ಕಠಿಣ, ಎಷ್ಟೋ ಮಂದಿ ಸೆಮಿಸ್ಟರಿನ ಲೆಕ್ಕದಾಗ ಕರಾರಿನ ಮ್ಯಾಲೆ ಕಲಸಕೋತ ಇರತಾರ. ಪಗಾರನೂ ಕಡಿಮಿ. 2022ರ ನವೆಂಬರಿನ್ಯಾಗ ಕ್ಯಾಲಿಫೋರ್ನಿಯಾ ಯುನಿವರ್ಸಿಟಿಯೊಳಗ ಹಿಂಗ ಕಲಸೋರು, ಸಂಶೋಧನಾ ಮಾಡೋರು ಸುಮಾರು 48,000 ಮಂದಿ ಪಗಾರ ಸಾಲಂಗಿಲ್ಲ ಅಂತ ಸಂಪು ಹೂಡಿದ್ರು. ಇದನ್ನೆಲ್ಲಾ ಆಕಿನೇ ನಂಗ ಹೇಳಿದ್ದು, ಮುಚ್ಚಿಡಲಿಲ್ಲ. ಆದ್ರ ಪಗಾರ ಕಡಿಮಿ ಅಂದ್ರ ಅದು ಕೊಡೋರ ತಪ್ಪು. ಕೆಲಸ ಮಾಡೋ ಹುಡುಗಿ ಯಾಕ ತಲಿ ತಗ್ಗಸಬೇಕು?

ನಾವು ಧಾರವಾಡದವರು ಸಾಧನಕೇರಿ ಹೆಸರು ಬಂದ್ರ ಸಾಕು, ಕೈ ಮುಗೀತೀವಿ. ಬೇಂದ್ರೆಯವರು ಹುಟ್ಟಿದ್ದು 1896, ಎಂ.ಎ. ಮುಗಿಸಿದ್ದು 1935. ಲೆಕ್ಕ ಹಾಕ್ರಿ. 'ಗರಿ' ಅದಕ್ಕೂ ಮೊದಲು, 1932ರಾಗ ಬಂದಿತ್ತು. ಮಾಸ್ತರಿಕಿ ಮಾಡಿ, ಸಂಸಾರ ನಡಿಸಿ, 1944ರಾಗ ಸೋಲಾಪುರದ ಡಿ.ಎ.ವಿ. ಕಾಲೇಜಿಗೆ ಹೋದ್ರು. ಎ.ಕೆ. ರಾಮಾನುಜನ್ ನಮ್ಮ ಬೆಳಗಾವಿ ಲಿಂಗರಾಜ ಕಾಲೇಜಿನ್ಯಾಗ ಇಂಗ್ಲಿಷ್ ಕಲಸಿದವರು. ಕಲಸೋ ಕೆಲಸ ಕೈಯಾಗ ಇದ್ದರೂ 1959ರಾಗ, 30ನೇ ವಯಸ್ಸಿಗೆ, ಮತ್ತ ಓದಲಿಕ್ಕೆ ಅಮೇರಿಕಾಕ್ಕ ಹೋದ್ರು. 1962ಕ್ಕ ಶಿಕಾಗೋದಾಗ ಕಲಸಲಿಕ್ಕೆ ಹತ್ತಿದ್ರು, ಪಿಎಚ್‌ಡಿ ಸಿಕ್ಕಿದ್ದು 1963ಕ್ಕ, ಅದೂ ಕನ್ನಡ ವ್ಯಾಕರಣದ ಮ್ಯಾಲೆ. 'ಹೊಕ್ಕುಳಲ್ಲಿ ಹೂವಿಲ್ಲ' ಬಂದದ್ದು 1969ರಾಗ. ಇವರಿಗೆ ಯಾರರೆ 'ಇನ್ನೂ ಓದತೀರೇನು' ಅಂತ ಕೇಳಿದ್ರೋ ಇಲ್ಲೋ. ಗಂಡಸರನ್ನ ನಾವು ಕೇಳೋದು ಕಡಿಮಿ.

ನಮ್ಮ ಹುಡುಗಿ ರಾಮಾನುಜನ್ ಆಗತಾಳ ಅಂತ ನಾ ಹೇಳತಿಲ್ಲ. ಆಗದಿದ್ರೂ ನಡೀತದ. ಇನ್ನೂ ಎರಡು ವರ್ಷದ ಓದು ಅದ, ಕಡೀಕ್ಕ ಪ್ರಬಂಧದ ಬದಲಿ ಒಂದು ಕವಿತಾ ಸಂಗ್ರಹನೇ ಕೊಡಬಹುದಂತ. ಅದು ಮುಗೀಲಿ. ಪುಣೆಯವರು ಖರೇ ಛಲೋ ಮಂದಿ ಇದ್ರ ಕಾಯತಾರ.

ಅಕ್ಕಾ, ನೀ ಇದನ್ನ ಓದತಿ ಅಂತ ಗೊತ್ತದ. ಬಿಟ್ಟು ಬಾ ಅಂತ ನಾ ಆಕಿಗೆ ಹೇಳಂಗಿಲ್ಲ. ನಿನ್ನ ಎದುರಿಗೆ ಹೇಳಲಿಕ್ಕೆ ಧೈರ್ಯ ಆಗಲಿಲ್ಲ, ಅದಕ್ಕ ಇಲ್ಲೆ ಬರದೀನಿ. ಬರೋ ರವಿವಾರ ಆಕಿ ಫೋನ್ ಮಾಡತಾಳ, ಆ ಮೂರರಾಗ ಛಲೋದು ಯಾವುದು, ಓದಿ ಹೇಳು ಅಂತ ಕೇಳಾಕಿ ಇದ್ದೀನಿ. ಸಿಟ್ಟು ಬಂದ್ರ ಫೋನ್ ಮಾಡಬ್ಯಾಡ, ಮನಿಗೇ ಬಾ. ಶೇಂಗಾ ಹೋಳಿಗಿ ಇನ್ನೂ ಡಬ್ಬಿಯೊಳಗ ಅವ.