ಒಂದೇ ಬಟ್ಟೆ, ಹತ್ತು ಕಸೂತಿ



ನಮ್ಮ ಊರುಗಳಲ್ಲಿ ಕಸೂತಿ ಬಲ್ಲ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ ಅಸರ್‌ವರೆಗೆ ಒಂದಿಷ್ಟು ಬಿಡುವು. ನೆರೆಹೊರೆಯ ನಾಲ್ಕೈದು ಮಂದಿ ಒಂದು ಮನೆಯ ಹಜಾರದಲ್ಲಿ ಸೇರಿ ಹೊಲಿಯುವ ರೂಢಿ ಇಂದಿಗೂ ಹಲವೆಡೆ ಇದೆ. ಆದರೆ ಅವರ ಕೈಯಲ್ಲಿರುವ ಬಟ್ಟೆಗಳನ್ನು ಒಮ್ಮೆ ನೋಡಿ. ಎಲ್ಲರ ದಿಂಬಿನ ಕವರಿನಲ್ಲೂ ಅದೇ ಗುಲಾಬಿ, ಅದೇ ಬಳ್ಳಿ! ಪೇಟೆಯಿಂದ ತಂದ ಒಂದೇ ಟ್ರೇಸಿಂಗ್ ಹಾಳೆ ಕೈಯಿಂದ ಕೈಗೆ ಸುತ್ತಿರುತ್ತದೆ.

ಕಲಿಯುವಾಗ ನಕಲು ಮಾಡುವುದು ತಪ್ಪಲ್ಲ. ಅಲ್ಲೇ ನಿಂತುಬಿಡುವುದು ನಷ್ಟ. ಅಚ್ಚಿನ ಗುಲಾಬಿಯನ್ನು ಕಂಪ್ಯೂಟರ್ ಎಂಬ್ರಾಯ್ಡರಿ ಯಂತ್ರ ನಮಗಿಂತ ಬೇಗ, ನಮಗಿಂತ ಅಗ್ಗವಾಗಿ ಹಾಕಿಕೊಡುತ್ತದೆ. ನಕಲಿನಲ್ಲಿ ಯಂತ್ರದೊಂದಿಗೆ ಪೈಪೋಟಿ ಮಾಡಿ ನಾವು ಗೆಲ್ಲಲಾರೆವು. ನಮ್ಮ ಬಳಿ ಉಳಿದಿರುವುದು ನಮ್ಮದೇ ಕಲ್ಪನೆ. ಅದನ್ನು ಹೊರತರಲು ಒಂದು ಸುಲಭ ದಾರಿಯಿದೆ. ನಿಮ್ಮ ಹೊಲಿಗೆ ಗುಂಪಿನಲ್ಲಿ ತಿಂಗಳಿಗೊಂದು ಸವಾಲು ಇಟ್ಟುಕೊಳ್ಳಿ.

ಸವಾಲು ಎಂದರೆ ಸ್ಪರ್ಧೆಯಲ್ಲ. ಎಲ್ಲರಿಗೂ ಒಂದೇ ಅಳತೆಯ ಬಟ್ಟೆ, ಒಂದೇ ಬಣ್ಣದ ದಾರ, ಒಂದೇ ನಿಯಮ. ಉಳಿದದ್ದು ಅವರವರ ಮನಸ್ಸಿಗೆ ಬಿಟ್ಟದ್ದು. ಕೈ ಕಟ್ಟಿಹಾಕಿದರೆ ಕಲ್ಪನೆ ಹೇಗೆ ಬೆಳೆಯುತ್ತದೆ ಎಂದು ನೀವು ಕೇಳಬಹುದು. ನಮ್ಮ ಧಾರವಾಡದ ಕಸೂತಿಯನ್ನೇ ನೋಡಿ. ಅದರಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿದು ಮುಂದೆ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತಾ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣಬೇಕು. ಇಷ್ಟೆಲ್ಲ ಕಟ್ಟುಪಾಡುಗಳ ನಡುವೆ, ಗವಂತಿ, ಮುರ್ಗಿ, ನೇಗಿ, ಮೆಂತ್ಯ ಎಂಬ ನಾಲ್ಕೇ ಹೊಲಿಗೆಗಳಿಂದ ಆ ಭಾಗದ ಹೆಂಗಸರು ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ನವಿಲು, ತೊಟ್ಟಿಲುಗಳನ್ನು ಮೂಡಿಸಿದರು. ಪ್ರಾಣಿ-ಪಕ್ಷಿಗಳ ಚಿತ್ರ ಬೇಡವೆನ್ನುವವರಿಗೆ ಅದರ ರೇಖೆಗಳೇ ಬೇಕಾದಷ್ಟಿವೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಹೋದರಿಯರ ಕೌದಿ ಇನ್ನೊಂದು ಉದಾಹರಣೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದಾರೆ. ಅವರಿಗೆ ಸಿಗುವುದು ಹಳೆಯ ಸೀರೆ, ಲಂಗ, ಅಂಗಿಗಳ ಚೂರುಗಳು ಮಾತ್ರ. ಹೊಲಿಗೆಯೂ ಒಂದೇ, ಸಾದಾ ಓಟದ ಹೊಲಿಗೆ. ಅಂಚಿನಿಂದ ಆರಂಭಿಸಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ಹೂವಿಟ್ಟರೆ ಕೌದಿ ಪೂರ್ಣವಾಯಿತು. ಚೂರುಗಳನ್ನು ಜೋಡಿಸುವ ಬಗೆಯಲ್ಲೇ ಒಬ್ಬೊಬ್ಬರ ಕೈಗುರುತು ಕಾಣುತ್ತದೆ.

ಫೆಲೆಸ್ತೀನಿನ ಮಹಿಳೆಯರ ಕಸೂತಿ ‘ತತ್ರೀಝ್’ ಅನ್ನು ಯುನೆಸ್ಕೊ 2021ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 1987ರಲ್ಲಿ ಇಂತಿಫಾದ ಆರಂಭವಾದ ಕಾಲದಲ್ಲಿ ಅಲ್ಲಿ ಸಾರ್ವಜನಿಕವಾಗಿ ತಮ್ಮ ಧ್ವಜ ಹಾರಿಸಲು ನಿಷೇಧವಿತ್ತು. ಆಗ ಹೆಂಗಸರು ಧ್ವಜದ ಬಣ್ಣಗಳನ್ನೂ ನಾಡಿನ ನಕ್ಷೆಯನ್ನೂ ತಮ್ಮ ಉಡುಪಿನ ಮೇಲೆಯೇ ಹೊಲಿದುಕೊಂಡರು. ಹೆಣ್ಣಿನ ಸೂಜಿ ಬರೀ ಹೊತ್ತು ಕಳೆಯುವ ಸಾಧನವೆಂದು ಯಾರು ಹೇಳಿಯಾರು?

ಇನ್ನು ನಿಮ್ಮ ಗುಂಪಿನ ವಿಷಯಕ್ಕೆ ಬರೋಣ. ಮೊದಲ ತಿಂಗಳಿಗೆ ‘ಒಂದೇ ಬಣ್ಣ’ದ ಸವಾಲು ಸಾಕು. ಗೇಣಗಲದ ಬಿಳಿ ಬಟ್ಟೆ, ಒಂದು ಲಡಿ ನೀಲಿ ದಾರ. ಲಡಿಯ ದಾರದಲ್ಲಿ ಆರು ಎಳೆಗಳಿರುತ್ತವೆ. ಒಂದೆಳೆಯಲ್ಲಿ ಹೊಲಿದರೆ ತೆಳು ನೀಲಿ, ಮೂರೆಳೆಯಲ್ಲಿ ಗಾಢ. ಹೊಲಿಗೆ ಹತ್ತಿರ ಬಂದರೆ ನೆರಳು, ದೂರವಾದರೆ ಬೆಳಕು. ಬಣ್ಣವಿಲ್ಲದೆಯೂ ಬಣ್ಣ ತೋರಿಸಬಹುದೆಂದು ಆಗ ತಿಳಿಯುತ್ತದೆ. ದಾರವನ್ನು ಒಂದು ಮೊಳಕ್ಕಿಂತ ಉದ್ದ ಕತ್ತರಿಸಬೇಡಿ, ಸಿಕ್ಕಾಗುತ್ತದೆ.

ಎರಡನೆಯ ತಿಂಗಳಿಗೆ ‘ಮನೆಯೊಳಗಿನ ವಿನ್ಯಾಸ’. ಟ್ರೇಸಿಂಗ್ ಹಾಳೆ ಮುಟ್ಟುವಂತಿಲ್ಲ. ಕಿಟಕಿಯ ಸರಳು, ಚಾಪೆಯ ಹೆಣಿಗೆ, ಹಲಸಿನ ಎಲೆ, ಅಜ್ಜಿಯ ಅಂಗೈಯ ಮದರಂಗಿ, ಹೀಗೆ ಕಣ್ಣೆದುರಿಗೆ ಇರುವುದನ್ನೇ ಬಿಡಿಸಿ ಹೊಲಿಯಬೇಕು. ಮೂರನೆಯ ತಿಂಗಳಿಗೆ ‘ಕಲೆಗೊಂದು ಕಲೆ’. ಕಲೆಯಾದ ಅಥವಾ ಹರಿದ ಬಟ್ಟೆಯೊಂದನ್ನು ಪ್ರತಿಯೊಬ್ಬರೂ ಮನೆಯಿಂದ ತಂದು, ಆ ದೋಷವನ್ನೇ ಅಂದವಾಗಿಸಬೇಕು. ಮಗನ ಅಂಗಿಯ ಮೊಣಕೈ, ಶಾಯಿ ಬಿದ್ದ ದುಪಟ್ಟಾ ಮತ್ತೆ ಬಳಕೆಗೆ ಬಂದರೆ ಮನೆಯವರೂ ಸಂತೋಷಪಡುತ್ತಾರೆ. ಗಾಢ ಬಣ್ಣದ ದಾರ ಬಳಸುವ ಮೊದಲು ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ, ಬಣ್ಣ ಬಿಡುವುದೇ ಎಂದು ನೋಡಿಕೊಳ್ಳಿ.

ತಿಂಗಳ ಕೊನೆಯಲ್ಲಿ ಎಲ್ಲವನ್ನೂ ಚಾಪೆಯ ಮೇಲೆ ಹರಡಿ. ಮೊದಲ ಸ್ಥಾನ, ಎರಡನೆಯ ಸ್ಥಾನ ಬೇಡವೇ ಬೇಡ. ಬಹುಮಾನ ಬಂದ ಕಡೆ ಮುನಿಸೂ ಬರುತ್ತದೆ, ಹೊಸದಾಗಿ ಸೂಜಿ ಹಿಡಿದವಳು ಮರುದಿನದಿಂದ ಬರುವುದನ್ನೇ ನಿಲ್ಲಿಸುತ್ತಾಳೆ. ಬದಲಿಗೆ ಪ್ರತಿಯೊಬ್ಬಳೂ ತನಗೆ ಎಲ್ಲಿ ಕಷ್ಟವಾಯಿತು ಎಂದು ಹೇಳಲಿ, ಉಳಿದವರು ಅವಳಿಂದ ತಾವು ಕಲಿತ ಒಂದು ಸಂಗತಿಯನ್ನು ಹೇಳಲಿ. ಅತ್ತೆ-ಸೊಸೆ ಜೊತೆಯಾಗಿ ಕೂತಿದ್ದರಂತೂ ಈ ಮಾತಿನ ಬೆಲೆ ಇನ್ನೂ ಹೆಚ್ಚು.

ಒಂದು ಪುಸ್ತಕವನ್ನೂ ಇಡಿ. ಯಾವ ಹೊಲಿಗೆ, ಎಷ್ಟು ದಾರ, ಎಷ್ಟು ಗಂಟೆ ಎಂದು ಅದರಲ್ಲಿ ಬರೆಯಿರಿ. ಇದು ಏಕೆ ಗೊತ್ತೇ? ನಮ್ಮಲ್ಲಿ ಎಷ್ಟೋ ಮಂದಿ ಅಂಗಡಿಯವರಿಗೆ, ಮಧ್ಯವರ್ತಿಗಳಿಗೆ ಹೊಲಿದು ಕೊಡುವವರಿದ್ದಾರೆ. ದುಪಟ್ಟಾ ಒಂದಕ್ಕೆ 25 ಗಂಟೆ ಹಿಡಿದು, ದಾರದ ಖರ್ಚು ಕಳೆದು ಕೈಗೆ 300 ರೂಪಾಯಿ ಉಳಿಯಿತೆನ್ನಿ. ಗಂಟೆಗೆ ಬಿದ್ದದ್ದು 12 ರೂಪಾಯಿ! ಬಿಡುವಿನ ಕೆಲಸವೆಂದು ಲೆಕ್ಕ ಇಡದ ಕಾರಣ ಇದು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಗಂಟೆಗಳ ಲೆಕ್ಕ ಕೈಯಲ್ಲಿದ್ದರೆ ದರದ ಬಗ್ಗೆ ಬಾಯಿ ತೆರೆಯಲು ಧೈರ್ಯ ಬರುತ್ತದೆ. ಅವರ ವಿನ್ಯಾಸವನ್ನು ತುಂಬಿಕೊಟ್ಟರೆ ಸಿಗುವುದು ಕೂಲಿ. ವಿನ್ಯಾಸವೂ ನಮ್ಮದೇ ಆಗಿದ್ದರೆ ಬೆಲೆ ಹೇಳುವ ಹಕ್ಕೂ ನಮ್ಮದಾಗುತ್ತದೆ.

ಈ ತಿಂಗಳು ಗುಂಪಿನವರನ್ನು ಕರೆದು ಒಂದು ಮೀಟರ್ ಬಿಳಿ ಬಟ್ಟೆ ತರಿಸಿ, ಸಮನಾಗಿ ಹಂಚಿಕೊಳ್ಳಿ. ಗುಂಪಿಲ್ಲದವರು ಮಗಳನ್ನೋ ನೆರೆಮನೆಯವರನ್ನೋ ಜೊತೆಗೆ ಕೂರಿಸಿಕೊಂಡರೂ ಸಾಕು, ಇಬ್ಬರಿಂದಲೇ ಗುಂಪು ಶುರುವಾಗುತ್ತದೆ. ಹೊಲಿದು ಮುಗಿದ ಮೇಲೆ ಮೂಲೆಯಲ್ಲಿ ನಿಮ್ಮ ಹೆಸರಿನ ಮೊದಲಕ್ಷರ ಹಾಕಲು ಮರೆಯಬೇಡಿ.