ಹತ್ತು ದಿನ ಪಳ್ಳಿಯಲ್ಲಿ ಕೂರುವುದು, ಫೋನನ್ನು ಮನೆಯಲ್ಲಿ ಬಿಡುವುದು

ಹೆಜಮಾಡಿಯಲ್ಲಿ ಸದ್ದಿಲ್ಲದ ಜಾಗ ಹುಡುಕುವುದು ಕಷ್ಟ. ಪಶ್ಚಿಮಕ್ಕೆ ಕಡಲು, ದಕ್ಷಿಣಕ್ಕೆ ಶಾಂಭವಿ ಹೊಳೆ, ಊರನ್ನು ಸೀಳಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 66. ಟೋಲ್‌ಗೇಟಿನ ಹತ್ತಿರ ರಾತ್ರಿ ಎರಡು ಗಂಟೆಗೂ ಲಾರಿಗಳ ಸದ್ದು ನಿಲ್ಲುವುದಿಲ್ಲ. ಇವೆಲ್ಲಕ್ಕಿಂತ ದೊಡ್ಡ ಸದ್ದು ನಮ್ಮ ನಮ್ಮ ಜೇಬಿನಲ್ಲೇ ಇದೆ. ಈ ಬರಹವನ್ನು ನೀವು ಓದುತ್ತಿರುವುದೂ ಅದರಲ್ಲಿಯೇ.

ರಂಜಾನ್ ತಿಂಗಳ ಇಪ್ಪತ್ತು ನೋಂಬು ಮುಗಿದ ಸಂಜೆ, ನಮ್ಮ ಕರಾವಳಿಯ ಪಳ್ಳಿಗಳಲ್ಲಿ ಒಂದಿಬ್ಬರು ಚಾಪೆ, ದಿಂಬು, ಒಂದೆರಡು ಜೊತೆ ಬಟ್ಟೆ ಹಿಡಿದು ಒಳಗೆ ಹೋಗುತ್ತಾರೆ. ಮತ್ತೆ ಹೊರಬರುವುದು ಪೆರ್ನಾಲಿನ ಚಂದ್ರ ಕಂಡ ಮೇಲೆಯೇ. ಮೂಲೆಯಲ್ಲೊಂದು ಬಟ್ಟೆಯ ಪರದೆ ಕಟ್ಟಿಕೊಂಡು ನಮಾಜು, ಕುರ್‌ಆನ್ ಓದು, ದಿಕ್ರ್, ಸ್ವಲ್ಪ ನಿದ್ದೆ. ಶೌಚ, ಸ್ನಾನದಂಥ ಅಗತ್ಯಕ್ಕೆ ಬಿಟ್ಟರೆ ಪಳ್ಳಿ ದಾಟುವಂತಿಲ್ಲ. ಇದೇ ಇತಿಕಾಫ್. ಕೆಲವರು ಏತಿಕಾಫ್ ಎಂದೂ ಹೇಳುತ್ತಾರೆ. ಅರಬಿಯಲ್ಲಿ ಆ ಪದಕ್ಕೆ ಒಂದು ಕಡೆ ಅಂಟಿಕೊಂಡು ಇರುವುದು ಎಂಬ ಅರ್ಥವಿದೆ.

ನಮ್ಮ ಬಳಗದಲ್ಲಿ ನೋಂಬು ಹಿಡಿಯುವವರಿದ್ದಾರೆ, ಹಿಡಿಯದವರೂ ಇದ್ದಾರೆ. ಆದರೂ ಈ ವಿಷಯದಲ್ಲಿ ನಮಗೆಲ್ಲರಿಗೂ ಒಂದೇ ಅಭಿಪ್ರಾಯವಿದೆ. ಇತಿಕಾಫನ್ನು ವಯಸ್ಸಾದವರಿಗೆ ಬಿಟ್ಟುಕೊಟ್ಟು ಯುವಕರು ದೂರ ನಿಲ್ಲುತ್ತಿರುವುದು ನಷ್ಟ. ಕೂರುವ ಯುವಕರು ಫೋನನ್ನು ಪರದೆಯ ಒಳಗೆ ಕೊಂಡೊಯ್ಯುತ್ತಿರುವುದು ಇನ್ನೂ ದೊಡ್ಡ ನಷ್ಟ.

ಇದು ನಿನ್ನೆ ಮೊನ್ನೆ ಹುಟ್ಟಿದ ಪದ್ಧತಿಯಲ್ಲ. ಕಾಬಾವನ್ನು ಇತಿಕಾಫ್ ಕೂರುವವರಿಗಾಗಿ ಶುಚಿಯಾಗಿಡಲು ಪ್ರವಾದಿಗಳಾದ ಇಬ್ರಾಹೀಮ್ ಮತ್ತು ಇಸ್ಮಾಈಲ್‌ರಿಗೆ ಆದೇಶವಾದ ವಿಷಯ ಕುರ್‌ಆನಿನ ಎರಡನೇ ಅಧ್ಯಾಯದಲ್ಲಿದೆ. ಪ್ರವಾದಿ ಮುಹಮ್ಮದ್ (ಸ) ಪ್ರವಾದಿಯಾಗುವ ಮೊದಲೇ ಮಕ್ಕಾದ ಹತ್ತಿರದ ಹಿರಾ ಗುಹೆಗೆ ಹೋಗಿ ಒಂಟಿಯಾಗಿ ಇರುತ್ತಿದ್ದರು. 610ರಲ್ಲಿ ಮೊದಲ ದಿವ್ಯವಾಣಿ ಬಂದದ್ದೂ ಆ ಗುಹೆಯಲ್ಲಿ. ಮುಂದೆ ಮದೀನಾದಲ್ಲಿ ರಂಜಾನಿನ ಕೊನೆಯ ಹತ್ತು ದಿನ ಮಸೀದಿಯಲ್ಲಿ ಕೂರುವುದನ್ನು ರೂಢಿ ಮಾಡಿಕೊಂಡರು. ತೀರಿಹೋದ ವರ್ಷ ಇಪ್ಪತ್ತು ದಿನ ಕೂತಿದ್ದರು. ಈ ಹತ್ತು ದಿನಗಳಲ್ಲೇ ಲೈಲತುಲ್ ಖದ್ರ್ ಎಂಬ ರಾತ್ರಿಯನ್ನು ಹುಡುಕುತ್ತಾರೆ. ಆ ಒಂದು ರಾತ್ರಿ ಸಾವಿರ ತಿಂಗಳಿಗಿಂತ ಮಿಗಿಲು ಎಂಬುದು ನಂಬಿಕೆ. ಲೆಕ್ಕ ಹಾಕಿದರೆ 83 ವರ್ಷ 4 ತಿಂಗಳು, ಒಬ್ಬ ಮನುಷ್ಯನ ಇಡೀ ಆಯುಷ್ಯ.

ಹಾಗಾದರೆ ಸುಮ್ಮನೆ ಕೂರುವುದರಿಂದ ಏನು ಸಿಗುತ್ತದೆ? ಕಡಲ ಬದಿಯ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಅದನ್ನು ಯಾರೂ ಸೋಮಾರಿತನ ಎನ್ನುವುದಿಲ್ಲ. ಬಲೆ ಹೊಲಿಯುವುದು, ದೋಣಿಗೆ ಬಣ್ಣ ಬಳಿಯುವುದು, ಇಂಜಿನ್ ಬಿಚ್ಚಿ ನೋಡುವುದು ಆಗಲೇ. ಕಡಲಿನಲ್ಲಿ ಮೀನು ಮರಿ ಹಾಕುವ ಕಾಲವೂ ಅದೇ. ಬಲೆ ಎಲ್ಲಿ ಹರಿದಿದೆ ಎಂಬುದು ಅದನ್ನು ದಡಕ್ಕೆ ತಂದು ಹರಡಿದಾಗಲೇ ಕಾಣುವುದು. ಮನಸ್ಸಿನ ವಿಷಯವೂ ಹಾಗೆಯೇ ಎಂದು ನಮಗೆ ಅನಿಸುತ್ತದೆ.

ನಮ್ಮ ಬಳಗದ ಒಬ್ಬ ಮೂರು ದಿನ ಕೂತು ಬಂದ ಕತೆ ಕೇಳಿ. ಮೊದಲ ರಾತ್ರಿ ಪರದೆಯ ಫೋಟೊ ತೆಗೆದು ಸ್ಟೇಟಸ್ ಹಾಕಿದ. ತರಾವೀಹ್ ಮುಗಿದ ಮೇಲೆ ಎಷ್ಟು ಜನ ನೋಡಿದರೆಂದು ಎರಡು ಸಲ ಎಣಿಸಿದ. ಆಮೇಲೆ ಅವನಿಗೇ ನಾಚಿಕೆಯಾಗಿ, ಮರುದಿನ ಸಹರಿಗೆ ಊಟ ತಂದ ತಮ್ಮನ ಕೈಗೆ ಫೋನ್ ಕೊಟ್ಟು ಕಳಿಸಿದ. ಎರಡನೇ ದಿನ ಪೂರ್ತಿ ಕೈ ಜೇಬಿಗೆ ಹೋಗಿ ಹೋಗಿ ಖಾಲಿ ವಾಪಸ್ ಬರುತ್ತಿತ್ತಂತೆ. ಮೂರನೇ ದಿನ ಅಸರ್ ನಮಾಜು ಮುಗಿಸಿ ಕೂತಾಗ ಅವನ ಅಣ್ಣನ ನೆನಪು ಬಂತು. ಕಂಪೌಂಡ್ ಗೋಡೆಯ ವಿಚಾರಕ್ಕೆ ಜಗಳವಾಗಿ ಎರಡು ವರ್ಷದಿಂದ ಮಾತಿರಲಿಲ್ಲ. ತಪ್ಪೆಲ್ಲ ಅಣ್ಣನದೇ ಎಂದು ನಮಗೆಲ್ಲ ಹೇಳುತ್ತಾ ಬಂದಿದ್ದವನಿಗೆ, ಅಂದು ತಾನು ಆಡಿದ ಮಾತುಗಳು ಒಂದೊಂದಾಗಿ ಕೇಳತೊಡಗಿದವು. ಪೆರ್ನಾಲಿನ ದಿನ ನಮಾಜು ಮುಗಿಸಿ ನೇರವಾಗಿ ಅಣ್ಣನ ಮನೆಗೆ ಹೋದ. ಗೋಡೆಯ ತಕರಾರು ಇನ್ನೂ ಬಗೆಹರಿದಿಲ್ಲ. ಮಾತು ಮಾತ್ರ ಶುರುವಾಗಿದೆ.

ಏಕಾಂತದ ಆಧ್ಯಾತ್ಮಿಕ ಲಾಭ ಎಂದರೆ ನಮಗೆ ಕಂಡದ್ದು ಇದು. ದೇವರ ಮುಂದೆ ಒಬ್ಬನೇ ಕೂತಾಗ ನಮ್ಮ ಪರವಾಗಿ ವಾದ ಮಾಡಲು ಯಾರೂ ಇರುವುದಿಲ್ಲ. ಲೈಕ್ ಒತ್ತುವವರೂ ಇಲ್ಲ. ಆಗ ಬಾಯಿಂದ ಬರುವ ಪಶ್ಚಾತ್ತಾಪ ಅಭ್ಯಾಸಬಲದ್ದಾಗಿರದೆ ನಿಜದ್ದಾಗಿರುತ್ತದೆ.

ತೋರಿಕೆಯ ಅಪಾಯ ಫೋನಿಗಿಂತ ಹಳೆಯದು. ಹದೀಸ್‌ನಲ್ಲಿ ಒಂದು ಪ್ರಸಂಗವಿದೆ. ಇತಿಕಾಫಿಗೆಂದು ಪ್ರವಾದಿಯವರ ಗುಡಾರದ ಜೊತೆಗೆ ಆಯಿಶಾ, ಹಫ್ಸಾ, ಝೈನಬ್ (ರ) ಅವರ ಗುಡಾರಗಳೂ ಒಂದಾದ ಮೇಲೊಂದು ಮಸೀದಿಯಲ್ಲಿ ಎದ್ದವು. ಅದನ್ನು ಕಂಡ ಪ್ರವಾದಿಯವರು, ಇದರ ಉದ್ದೇಶ ಪುಣ್ಯವೇ ಎಂದು ಪ್ರಶ್ನಿಸಿ ಗುಡಾರ ತೆಗೆಸಿದರು. ಆ ರಂಜಾನಿನಲ್ಲಿ ಇತಿಕಾಫನ್ನೇ ಬಿಟ್ಟು, ಮುಂದಿನ ಶವ್ವಾಲ್ ತಿಂಗಳಲ್ಲಿ ಹತ್ತು ದಿನ ಕೂತರು. ಇನ್ನೊಮ್ಮೆ, ಇತಿಕಾಫಿನಲ್ಲಿದ್ದಾಗ ಜನ ಗಟ್ಟಿಯಾಗಿ ಕುರ್‌ಆನ್ ಓದುತ್ತಿದ್ದುದು ಕೇಳಿ ಪರದೆ ಸರಿಸಿ, ಪ್ರತಿಯೊಬ್ಬನೂ ತನ್ನ ಪ್ರಭುವಿನೊಂದಿಗೆ ಮಾತಾಡುತ್ತಿದ್ದಾನೆ, ಒಬ್ಬರಿಗೊಬ್ಬರು ತೊಂದರೆ ಕೊಡಬೇಡಿ ಎಂಬರ್ಥದಲ್ಲಿ ತಿಳಿಹೇಳಿದರು. ಕುರ್‌ಆನ್ ಓದಿನ ದನಿಗೇ ಈ ಮಿತಿ ಇದ್ದರೆ, ಪರದೆಯ ಹಿಂದಿನ ರೀಲ್ಸ್‌ಗೆ ಏನು ಹೇಳುವುದು?

ಇದಕ್ಕೆ ಎದುರು ಮಾತುಗಳಿವೆ, ಅವು ಹಗುರವಾದವಲ್ಲ. ಒಂದು, ಹತ್ತು ದಿನ ಮನೆ ಬಿಟ್ಟು ಕೂರುವುದು ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವುದಲ್ಲವೇ? ಕೆಲವರ ವಿಷಯದಲ್ಲಿ ಹೌದು. ಗಂಡ ಪಳ್ಳಿಯಲ್ಲಿ ಕೂತರೆ ಪೆರ್ನಾಲಿನ ಬಟ್ಟೆ, ಸಾಮಾನು, ಮಕ್ಕಳು, ವಯಸ್ಸಾದ ಅತ್ತೆಯ ಮಾತ್ರೆ ಎಲ್ಲವೂ ಹೆಂಡತಿಯ ತಲೆಗೆ. ಅದರ ಮೇಲೆ ಎರಡು ಹೊತ್ತು ಅವನಿಗೆ ಊಟ ಕಟ್ಟಿ ಕಳಿಸಬೇಕು. ಅವನ ಏಕಾಂತಕ್ಕೆ ಅವಳ ದುಡಿಮೆ ಬಂಡವಾಳ. ಹಾಗಾಗಿ ಅವಳನ್ನು ಕೇಳದೆ ಕೂರುವುದು ಸರಿಯಲ್ಲ. ಇತಿಕಾಫಿನಲ್ಲಿದ್ದ ಪ್ರವಾದಿಯವರನ್ನು ನೋಡಲು ಪತ್ನಿ ಸಫಿಯ್ಯಾ (ರ) ರಾತ್ರಿ ಬಂದಿದ್ದರು. ಮಾತಾಡಿ ಹೊರಟಾಗ ಅವರನ್ನು ಬೀಳ್ಕೊಡಲು ಪ್ರವಾದಿಯವರೂ ಎದ್ದು ಹೆಜ್ಜೆ ಹಾಕಿದರು. ದೇವರಿಗೆ ಹತ್ತಿರವಾಗಲು ಮನೆಯವರಿಂದ ಮುಖ ತಿರುಗಿಸಬೇಕಿಲ್ಲ.

ಇಮಾಮ್ ಗಝಾಲಿ 1095ರಲ್ಲಿ ಬಗ್ದಾದಿನ ದೊಡ್ಡ ಹುದ್ದೆ ಬಿಟ್ಟು ಹೊರಟವರು. ಡಮಾಸ್ಕಸ್‌ನ ಮಸೀದಿಯ ಮಿನಾರ ಹತ್ತಿ, ಬಾಗಿಲು ಹಾಕಿಕೊಂಡು ದಿನವಿಡೀ ಕೂರುತ್ತಿದ್ದರು. ಅಂಥವರೂ ಏಕಾಂತದ ಬಗ್ಗೆ ಬರೆಯುವಾಗ ಅದರ ಲಾಭದ ಜೊತೆಗೆ ನಷ್ಟವನ್ನೂ ಪಟ್ಟಿ ಮಾಡಿದರು. 1106ರಲ್ಲಿ ಮತ್ತೆ ಪಾಠ ಹೇಳಲು ಜನರ ನಡುವೆ ಬಂದರು.

ಎರಡು, ದಿನಗೂಲಿಯವರು, ರಿಕ್ಷಾ ಓಡಿಸುವವರು, ಮೀನಿನ ಕೆಲಸದವರು ಹತ್ತು ದಿನ ಹೇಗೆ ಕೂರುವುದು? ಕೂರಲೇಬೇಕೆಂದಿಲ್ಲ. ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿ ಮದ್‌ಹಬ್‌ನ ಪ್ರಕಾರ ಸಂಕಲ್ಪ ಮಾಡಿ ಸ್ವಲ್ಪ ಹೊತ್ತು ಪಳ್ಳಿಯಲ್ಲಿ ತಂಗಿದರೂ ಇತಿಕಾಫ್ ಆಗುತ್ತದೆ, ರಂಜಾನೇ ಆಗಿರಬೇಕೆಂದೂ ಇಲ್ಲ. ಹನಫಿಗಳಲ್ಲಿ ಕೊನೆಯ ಹತ್ತು ದಿನದ ಇತಿಕಾಫ್ ಇಡೀ ಊರಿನ ಹೊಣೆ. ಒಬ್ಬ ಕೂತರೂ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಕೂರದಿದ್ದರೆ ಎಲ್ಲರೂ ತಪ್ಪಿತಸ್ಥರು. ಅಂದರೆ ಪರದೆಯ ಹಿಂದೆ ಕೂತವನು ತನ್ನೊಬ್ಬನಿಗಾಗಿ ಕೂತಿಲ್ಲ.

2020ರ ಏಪ್ರಿಲ್-ಮೇ ತಿಂಗಳ ರಂಜಾನ್ ನೆನಪಿದೆಯೇ? ಲಾಕ್‌ಡೌನ್‌ನಿಂದ ಸಾಮೂಹಿಕ ನಮಾಜು ನಿಂತಿತ್ತು, ಇಡೀ ಊರು ಮನೆಯೊಳಗೆ ಇತ್ತು. ಅಷ್ಟೊಂದು ಏಕಾಂತ ಸಿಕ್ಕರೂ ನಮ್ಮಲ್ಲಿ ಹೆಚ್ಚಿನವರು ಅದನ್ನು ಫೋನ್ ತಿಕ್ಕುತ್ತಲೇ ಕಳೆದೆವು. ಬಾಗಿಲು ಮುಚ್ಚಿದ ಮಾತ್ರಕ್ಕೆ ಏಕಾಂತ ಆಗುವುದಿಲ್ಲ. ನಿಯ್ಯತ್ ಬೇಕು.

ಹಾಗಾಗಿ ಮುಂದಿನ ರಂಜಾನಿಗೆ ನಮ್ಮದು ಸಣ್ಣ ಸಲಹೆ. ಹತ್ತು ದಿನ ಆಗದವರು ಒಂದು ರಾತ್ರಿ ಕೂರಲಿ, ಅದೂ ಆಗದಿದ್ದರೆ ಅಸರ್‌ನಿಂದ ಮಗ್ರಿಬ್‌ವರೆಗೆ. ಫೋನ್ ಮನೆಯಲ್ಲಿರಲಿ. ಆ್ಯಪ್ ಬದಲು ಮುದ್ರಿತ ಕುರ್‌ಆನ್ ಹಿಡಿಯಿರಿ. ತುರ್ತಿಗೆ ಪಳ್ಳಿಯ ಉಸ್ತಾದರ ನಂಬರ್ ಮನೆಯವರ ಹತ್ತಿರ ಇದ್ದರೆ ಸಾಕು. ಜಮಾತಿನವರು ಕೂತವರ ಊಟದ ಹೊಣೆ ಹೊತ್ತರೆ ಮನೆಯ ಹೆಂಗಸರ ಭಾರ ಅಷ್ಟಾದರೂ ಕಡಿಮೆಯಾದೀತು. ಮಕ್ಕಳನ್ನು ಒಂದು ಸಂಜೆ ನೋಡಿಕೊಂಡರೆ ಅವರಿಗೂ ತಮ್ಮ ನಮಾಜಿನ ಚಾಪೆಯ ಮೇಲೆ ಒಂದು ಗಂಟೆ ಯಾರೂ ಕರೆಯದ ಸಮಯ ಸಿಕ್ಕೀತು.

ಪರದೆ ಬಿಚ್ಚಿ ಚಾಪೆ ಸುತ್ತಿ ಮನೆಗೆ ಬಂದವನ ಇತಿಕಾಫ್ ಹೇಗಾಯಿತು ಎಂದು ಅವನನ್ನು ಕೇಳಬೇಡಿ. ಪೆರ್ನಾಲ್ ಕಳೆದು ಒಂದು ವಾರವಾದ ಮೇಲೆ ಅವನ ಮನೆಯವರನ್ನು ಕೇಳಿ.